ಗಾಂಧಾರಿಯನ್ನು ಎಲ್ಲಿ ಕೂರಿಸಲಿ?

ಸೀಡಿಯಿಂದ ಇಳಿಸಿಕೊಂಡ ಸಂಗೀತಕ್ಕೆ ಎರಡೆರಡು ಪ್ರತಿ ಏಕೆ ಬೇಕೆಂದು ಈ ವಾರ ಬರೆಯುತ್ತೇನೆ ಅಂದಿದ್ದೆ. ಅದಕ್ಕೂ ಮೊದಲು ಒಂದು ಹಳೇ ಜಗಳ ತೀರಿಸಬೇಕಿದೆ.

ಜಗಳ ಆಲ್ಬಂ ಪಕ್ಷದವರೊಡನೆ. ಗಾಯಕರ ಹೆಸರು, ಅದರೊಳಗೆ ಆಲ್ಬಂ, ಅದರೊಳಗೆ ಒಂದು, ಎರಡು, ಮೂರು ಎಂಬುದು ಅವರ ಧರ್ಮ. ಸಿನಿಮಾ ಹಾಡಿಗೆ ಅದು ಸರಿ. ಖ್ಯಾಲಿಗೆಲ್ಲಿಯ ಆಲ್ಬಂ? 74 ನಿಮಿಷದ ತಟ್ಟೆಯಲ್ಲಿ ಜಾಗ ಉಳಿಯಿತೆಂದು ಬೆಳಗಿನ ತೋಡಿಯ ಬೆನ್ನಿಗೆ ನಡುರಾತ್ರಿಯ ಮಾಲಕಂಸ ಕಟ್ಟಿರುತ್ತಾರೆ. ವಿಲಂಬಿತಕ್ಕೊಂದು ಟ್ರ್ಯಾಕು, ದ್ರುತಕ್ಕೊಂದು ಟ್ರ್ಯಾಕು. ಶಫಲ್ ಒತ್ತಿದರೆ ದ್ರುತವೇ ಮೊದಲು. ಊಟಕ್ಕೆ ಮುಂಚೆ ಎಲೆಅಡಿಕೆ ಕೊಟ್ಟ ಹಾಗೆ.

ನನ್ನದು ರಾಗದ ಪಕ್ಷ. ಸಂಜೆಯಾದರೆ ಯಮನ್ ತೆರೆಯುತ್ತೇನೆ. ಕಿರಾನಾದವರೂ ಜೈಪುರದವರೂ ಅಲ್ಲಿ ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ. ‘ಹಾಗಾದರೆ ಮಲ್ಲಿಕಾರ್ಜುನ ಮನಸೂರರ ಬಸಂತಿ ಕೇದಾರವನ್ನು ಎಲ್ಲಿಡುತ್ತೀರಿ, ಬಸಂತದಲ್ಲೋ ಕೇದಾರದಲ್ಲೋ?’ ಎಂದು ಆಲ್ಬಂನವರು ಕೆಣಕುತ್ತಾರೆ. ಜೋಡುರಾಗಗಳಿಗೆ ಬೇರೆ ಕೋಣೆಯನ್ನೇ ಕಟ್ಟಿಸಿದ್ದೇನೆ, ಸ್ವಾಮಿ.

ಪಕ್ಕದ ಮನೆಯ ಹುಡುಗನಿಗೆ ಎರಡೂ ಪಕ್ಷ ಬೇಡ. “ಕಾಕಾ, ಎಲ್ಲಾ ಮೊಬೈಲ್‌ನ್ಯಾಗ ಸಿಗತಾವಲ್ರೀ, ನೀವ್ಯಾಕ ಇಷ್ಟ ಒದ್ದಾಡ್ತೀರಿ?”

“ಸಿಗತಾವಪಾ. ಆದ್ರ ಹೆಸರು ಯಾರ್ ಇಟ್ಟಾರ ನೋಡು.”

ಹಾಡಿನ ಸೀಡಿಗಳಲ್ಲಿ ಬಹುಪಾಲಿಗೆ ತನ್ನೊಳಗೇನಿದೆ ಎಂದು ಹೇಳಲು ಬಾಯಿಲ್ಲ. ಎಷ್ಟು ಟ್ರ್ಯಾಕು, ಒಂದೊಂದೂ ಎಷ್ಟುದ್ದ ಎಂದು ಲೆಕ್ಕ ಹಾಕಿ, ಎಲ್ಲಿಯೋ ಯಾರೋ ಬರೆದಿಟ್ಟ ಹೆಸರನ್ನು ಕಂಪ್ಯೂಟರು ತಂದು ಅಂಟಿಸುತ್ತದೆ. ಹೀಗಾಗಿ ನನ್ನ ಡಿಸ್ಕಿನಲ್ಲಿ ಮನಸೂರರು ಒಂದು ಕಾಲಕ್ಕೆ ಮೂವರಿದ್ದರು: ಮನಸೂರ, ಮನ್ಸೂರ್, ಮತ್ತು ಪಂಡಿತ ಎಂದು ಮುಂದೆ ಸೇರಿಸಿಕೊಂಡ ಇನ್ನೊಬ್ಬರು. ಮೂವರನ್ನು ಒಬ್ಬರನ್ನಾಗಿಸುವುದೇ ಈ ಹವ್ಯಾಸದ ಅರ್ಧ ಕೆಲಸ.

ಆ ಹುರುಪಿನಲ್ಲೇ ಮೊನ್ನೆ ರಾತ್ರಿ ಗಂಗೂಬಾಯಿ ಹಾನಗಲ್ಲರಿಗೆ ಕೈಹಾಕಿದೆ. ಗಬ್ಬೂರ ಕ್ರಾಸಿನಲ್ಲಿ ಬೈಪಾಸಿಗೆ ಹೊರಳುವ ಲಾರಿಗಳು ಕಡಿಮೆಯಾಗುವತನಕ ನಮ್ಮಲ್ಲಿ ಷಡ್ಜ ನಿಲ್ಲುವುದಿಲ್ಲ. ಆಮೇಲೆ ಹಳೆಯ ಗ್ರಾಮೊಫೋನ್ ತಟ್ಟೆಗಳಿಂದ ಸೀಡಿಗೆ ಇಳಿಸಿದ್ದನ್ನು ಹಚ್ಚಿದೆ. ಅವುಗಳ ಮೇಲೆ ಹೆಸರು ಗಾಂಧಾರಿ. ತೆಳ್ಳಗೆ, ತಾರಕ್ಕೆ ಚಿಮ್ಮುವ ಹುಡುಗಿಯ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ಗಡುಸಾಯಿತು. ನಾವೆಲ್ಲ ಬಲ್ಲ ಗಂಗೂಬಾಯಿ ಆ ಗಡಸಿನವರು. ಹೆಸರು ಎರಡು, ದನಿ ಎರಡು, ಮನುಷ್ಯರು ಒಬ್ಬರೇ. ತಿದ್ದಿಬಿಡಲೆ? ಬೆರಳು ಗುಂಡಿಯ ಮೇಲೇ ನಿಂತಿತು.

ಆಗ ನೆನಪಾದವರು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ತಟ್ಟೆ ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ. 1930ರಲ್ಲಿ ಮೈಸೂರಿನಲ್ಲಿ ತೀರಿಹೋದ ಆ ತಾಯಿಯ ಹೆಸರು ಇಂದಿಗೂ ಹಾಡಿಗೇ ಅಂಟಿದೆ. ಯಾವ ಕಂಪ್ಯೂಟರೂ ಅದನ್ನು ಅಳಿಸಲಾರದು. ಗಾಂಧಾರಿಯ ಹೆಸರಾದರೋ ನನ್ನ ಒಂದು ಬೆರಳಿನ ಮರ್ಜಿಯಲ್ಲಿದೆ.

ತಿದ್ದಲಿಲ್ಲ. ಗಾಂಧಾರಿಗೆ ಬೇರೆಯೇ ಫೋಲ್ಡರು ಮಾಡಿದೆ, ಗೌಹರರಿಗೂ ಒಂದು. ಕನ್ನಡದ ಅಕಾರಾದಿ ಅವರನ್ನು ತಾನಾಗಿಯೇ ಕೂರಿಸಿತು: ಗಂಗೂಬಾಯಿ, ಗಾಂಧಾರಿ, ಗೌಹರ್ ಜಾನ್. ರಾಗದ ಪಕ್ಷದವನ ಮನೆಯಲ್ಲಿ ಈ ಒಂದು ಸಾಲು ಮಾತ್ರ ಗಾಯಕರ ಹೆಸರಿನಲ್ಲಿದೆ. ಆಲ್ಬಂನವರು ಇದನ್ನು ಓದಿ ಹಿಗ್ಗುವುದು ಬೇಡ. ಅರ್ಧ ಅಂಕ ಅಷ್ಟೇ ಕೊಟ್ಟಿದ್ದೇನೆ.

ಎರಡು ಪ್ರತಿಯ ಮಾತು ಮುಂದಿನ ವಾರಕ್ಕೆ. ಅಲ್ಲಿಯವರೆಗೆ ಡಿಸ್ಕು ಕೆಳಗೆ ಬೀಳದಂತೆ ನೋಡಿಕೊಳ್ಳಿರಿ.