ಮುಂಗೈ ಹೊರಳಿಸಿದರೆ ಸಾಲದು

ಕಬ್ಬು ಬೆಳೆಯುವ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಕಬ್ಬು ಕಡಿಯುವಾಗ ತೋಳು ಎಷ್ಟೇ ಚೆನ್ನಾಗಿ ಬೀಸಲಿ, ಮಚ್ಚಿನ ಬಾಯಿ ಓರೆಯಾದರೆ ಏಟು ಜಾರುತ್ತದೆ. ಬೀಸಿನ ಹಾದಿ ಬೇರೆ, ಬಾಯಿಯ ದಿಕ್ಕು ಬೇರೆ. ಗಾಲ್ಫ್ ಚೆಂಡು ಗಾಳಿಯಲ್ಲಿ ಬಾಗುವ ಗುಟ್ಟೂ ಇದೇ. ಗಾಲ್ಫ್ ಆಟಗಾರ ಬೆನ್ ಹೋಗನ್ ಅವರ ‘ಫೈವ್ ಲೆಸನ್ಸ್’ (1957) ಪುಸ್ತಕವನ್ನು ಈ ಎಚ್ಚರದಿಂದಲೇ ಓದಬೇಕು.

ಹೋಗನ್ ಕಣ್ಣಿಗೆ ಕಟ್ಟುವಂತೆ ಬರೆಯುತ್ತಾರೆ. ಚೆಂಡಿನಿಂದ ಹೆಗಲವರೆಗೆ ಒರಗಿಸಿದ ದೊಡ್ಡ ಗಾಜಿನ ಹಲಗೆ, ಅದರ ತೂತಿನಿಂದ ಹೊರಬಂದ ಆಟಗಾರನ ತಲೆ: ಆಂಟನಿ ರವಿಯೆಲ್ಲಿ ಬರೆದ ಆ ಚಿತ್ರ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಏಟಿನ ಹೊತ್ತಿಗೆ ಎಡ ಮುಂಗೈ ಹೊರಳಿ, ಮಣಿಕಟ್ಟಿನ ಮೂಳೆ ಗುರಿಯತ್ತ ಉಬ್ಬಿರಬೇಕು ಎಂಬುದು ಇನ್ನೊಂದು ಪಾಠ.

ಓದುಗ ಜಾರುವುದು ಇಲ್ಲೇ. ಬೀಸಿನ ಹಾದಿ ತೋರುವ ಗಾಜಿನ ಹಲಗೆಯನ್ನು ಮರೆತು ಮುಂಗೈಯನ್ನಷ್ಟೇ ಹಿಡಿದುಕೊಳ್ಳುತ್ತಾನೆ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಮೆಚ್ಚಿ ಬೆಳೆದ ನಮಗಂತೂ ಮಣಿಕಟ್ಟಿನ ಮೇಲೆ ಮೊದಲೇ ಮೋಹ.

ಲೆಕ್ಕ ಹಾಕಿ ನೋಡೋಣ. ಬಲಗೈ ಆಟಗಾರನ ಕ್ಲಬ್ ಗುರಿಗಿಂತ 4 ಡಿಗ್ರಿ ಎಡಕ್ಕೆ ಎಳೆದುಕೊಂಡು ಬರುತ್ತಿದೆ, ಚೆಂಡಿಗೆ ತಾಗುವ ಅದರ ಮುಖ ಮಾತ್ರ ಗುರಿಯನ್ನೇ ನೋಡುತ್ತಿದೆ ಎನ್ನಿ. ಚೆಂಡು ಹೆಚ್ಚುಕಡಿಮೆ ಮುಖದ ದಿಕ್ಕಿನಲ್ಲೇ ಹೊರಟು, ಆಮೇಲೆ ಬಲಕ್ಕೆ ಬಾಗುತ್ತದೆ. ಅದೇ ಸ್ಲೈಸ್. ಈಗ ಮುಂಗೈ ಹೊರಳಿಸಿ ಮುಖವನ್ನೂ 4 ಡಿಗ್ರಿ ಎಡಕ್ಕೆ ಮುಚ್ಚಿದರೆ? ಬಾಗು ಮಾಯ. ಆದರೆ ಚೆಂಡು ನೆಟ್ಟಗೆ ಎಡಕ್ಕೆ ಹೋಗುತ್ತದೆ. 200 ಗಜ ಸಾಗುವಷ್ಟರಲ್ಲಿ ಸುಮಾರು 14 ಗಜ ತಪ್ಪಿರುತ್ತದೆ. ಇನ್ನಷ್ಟು ಹೊರಳಿಸಿದರೆ ಚೆಂಡು ಎಡಕ್ಕೆ ಬಾಗುವ ಹುಕ್. ರೋಗ ಹಾದಿಯಲ್ಲಿ, ಮದ್ದು ಮುಂಗೈಗೆ!

ಹೋಗನ್ ವರ್ಷಗಟ್ಟಲೆ ಕಾಡಿಸಿಕೊಂಡದ್ದು ಹುಕ್‌ನಿಂದ, ಸ್ಲೈಸ್‌ನಿಂದಲ್ಲ. ಅವರ ಹಿಡಿತವೂ ಮಣಿಕಟ್ಟೂ ಮುಖ ಬೇಗ ಮುಚ್ಚಿಕೊಳ್ಳದಂತೆ ಕಾಯುತ್ತವೆ. ಸ್ಲೈಸ್ ಹೊಡೆಯುವ ಹವ್ಯಾಸಿ ಅದನ್ನೇ ಅನುಕರಿಸಿದರೆ ಮುಖ ಇನ್ನಷ್ಟು ತೆರೆದುಕೊಳ್ಳಬಹುದು. ಒಬ್ಬ ಪ್ರತಿಭಾವಂತ ತನ್ನ ಕಾಯಿಲೆಗೆ ಕಂಡುಕೊಂಡ ಔಷಧವನ್ನು ಎಲ್ಲರಿಗೂ ಬರೆದುಕೊಟ್ಟದ್ದೇ ಈ ಪುಸ್ತಕದ ಕೊರತೆ. ಹಾಗಂತ ಮುಂಗೈ ಮುಖ್ಯವಲ್ಲ ಎಂದಲ್ಲ. ಮುಖವನ್ನು ತಿರುಗಿಸುವುದು ಅದೇ. ಆದರೆ ಹಾದಿ ತಿದ್ದಿಕೊಂಡ ಮೇಲಷ್ಟೇ ಅದರ ಸರದಿ.

ಚಾಮುಂಡಿ ಬೆಟ್ಟದ ತಪ್ಪಲಿನ ಗಾಲ್ಫ್ ಮೈದಾನದಲ್ಲಿ ನಿಂತು ಹತ್ತು ಚೆಂಡು ಹೊಡೆಯಿರಿ. ಕ್ಲಬ್ಬಿನ ನಡುವಿಗೆ ತಾಗಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಚೆಂಡು ಹೊರಟ ದಿಕ್ಕು ಮುಖದ ಸುದ್ದಿ. ಬಾಗಿದ ರೀತಿ, ಮುಖಕ್ಕೂ ಹಾದಿಗೂ ಇರುವ ಜಗಳ. ಇವೆರಡನ್ನೂ ಬೇರೆಬೇರೆಯಾಗಿ ಬರೆದುಕೊಂಡು ಹೋಗನ್ ಪುಸ್ತಕ ತೆರೆದರೆ, ಯಾವ ಪಾಠ ನಿಮಗೆ, ಯಾವುದು ಅವರಿಗೆ ಎಂಬುದು ಗೊತ್ತಾಗುತ್ತದೆ.