ಭಟ್ಕಳದ ಕಲ್ಲಿನ ಮಾಡು

ದೇವಾಲಯಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರಿಗೆ ಒಂದು ಚಟವುಂಟು. ಯಾವ ಊರಿನ ಗುಡಿಯೇ ಆಗಲಿ, ಅದರ ಮುಂದೆ ನಿಂತೊಡನೆ ಬೇಲೂರು ಹಳೆಯಬೀಡುಗಳನ್ನು ನೆನೆಯುವುದು. ನೆನೆದು, ಕಣ್ಣ ಮುಂದಿನ ಗುಡಿ ಅವಕ್ಕಿಂತ ಎಷ್ಟು ಗೇಣು ಕಡಮೆ ಎಂದು ಅಳೆಯುವುದು. ನಾನೂ ಈ ಚಟಕ್ಕೆ ಹೊರತಾದವನಲ್ಲ. ನಡುಗನ್ನಡ ಸಾಹಿತ್ಯದ ಹಿನ್ನೆಲೆಯನ್ನು ತರಗತಿಯಲ್ಲಿ ಹೇಳುವಾಗ, ವಿಜಯನಗರದ ಕಾಲದ ಕರಾವಳಿಯ ಗುಡಿ ಬಸದಿಗಳನ್ನು "ಸರಳವಾದುವು, ಅಲಂಕಾರ ವಿರಳ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ಆ ಮಾತು ನನ್ನ ಗುರುಗಳಿಂದ ನನಗೆ ಬಂದದ್ದು. ಅವರಿಗೆ ಯಾರಿಂದ ಬಂದಿತೋ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು, ಪರೀಕ್ಷೆಯಲ್ಲಿ ನನಗೇ ಹಿಂದಿರುಗಿಸಿದರು, ನಾನು ಅಂಕ ಕೊಟ್ಟೆ. ಕಳೆದ ಜನವರಿಯ ರಜೆಯಲ್ಲಿ ಭಟ್ಕಳಕ್ಕೆ ಹೋಗಿ ಬಂದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಈ ಲೇಖನ ಅದಕ್ಕಾಗಿ.

ಬೂದಿಗೆರೆಯಿಂದ ಭಟ್ಕಳಕ್ಕೆ ಹೊರಟಿದ್ದೇನೆಂದಾಗ ನೆರೆಮನೆಯವರು, "ಅಲ್ಲೇನ್ ಕೆಲ್ಸ ಮೇಷ್ಟ್ರೇ?" ಎಂದರು. ಅವರ ತಪ್ಪಿಲ್ಲ. ಪತ್ರಿಕೆ ಓದುವ ನಮಗೆಲ್ಲ ಆ ಊರು 1993ರ ಗಲಭೆಯಿಂದ, ಅದರ ಹಿಂದೆ ಬಂದ ಇನ್ನೂ ಕೆಲವು ಕಹಿ ಸುದ್ದಿಗಳಿಂದ ಪರಿಚಿತ. ಸುದ್ದಿ ಸುಳ್ಳಲ್ಲ, ಆದರೆ ಒಂದು ಊರಿನ ಬಾಳಿನಲ್ಲಿ ಸುದ್ದಿಯಾಗದೆ ಉಳಿದುದೇ ಹೆಚ್ಚು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಈ ಕಡೆಯ ಬಂದರುಗಳನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನಿಗೆ ಭಟ್ಕಳವೆಂದರೆ ಹೋರ್ಮುಜಿನಿಂದ ಕುದುರೆಗಳು ಬಂದಿಳಿಯುವ, ಅಕ್ಕಿ ಸಕ್ಕರೆ ಕಬ್ಬಿಣಗಳು ಹಡಗು ಹತ್ತುವ ಊರು. ವಿಜಯನಗರದ ಸೈನ್ಯದ ಕುದುರೆ ಘಟ್ಟ ಹತ್ತುವ ಮೊದಲು ನೀರು ಕುಡಿದದ್ದು ಇಂತಹ ಬಂದರುಗಳಲ್ಲಿ. ಅದೇ ಶತಮಾನದ ಕೊನೆಗೆ ಈ ಸೀಮೆಯನ್ನಾಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಹಣವಿತ್ತು, ದೂರದ ಜನರ ಸಂಪರ್ಕವಿತ್ತು. ಆದುದರಿಂದ "ಸರಳ" ಎಂದರೆ ಬಡತನ ಎಂದು ಅರ್ಥ ಮಾಡುವಂತಿಲ್ಲ. ಬೇಕೆಂದಿದ್ದರೆ ಇವರು ಹಳೆಯಬೀಡನ್ನೇ ಕಟ್ಟಿಸಿಕೊಳ್ಳಬಹುದಾಗಿತ್ತು. ಕಟ್ಟಿಸಲಿಲ್ಲ. ಏಕೆ?

ಮೂಡಭಟ್ಕಳದ ಕೇತಪಯ್ಯ ನಾರಾಯಣ ಗುಡಿಯ ಮುಂದೆ ನಿಂತರೆ ಉತ್ತರದ ಅರ್ಧ ತಾನಾಗಿಯೇ ತಿಳಿಯುತ್ತದೆ. ಹದಿನಾರನೆಯ ಶತಮಾನದ ನಡುವಿನ ಕಟ್ಟಡ. ದೊಡ್ಡದಲ್ಲ. ಮೊದಲು ಕಣ್ಣಿಗೆ ಬೀಳುವುದು ಮಾಡು. (ನಮ್ಮ ಕಡೆ ಸೂರು, ಚಾವಣಿ ಎನ್ನುವುದನ್ನು ಅಲ್ಲಿ ಮಾಡು ಎನ್ನುತ್ತಾರೆ; ಆ ಪದದಲ್ಲೇ ಇಳಿಜಾರಿದೆ.) ಕಲ್ಲಿನ ಅಗಲವಾದ ಚಪ್ಪಡಿಗಳನ್ನು ಹೆಂಚಿನ ಮನೆಯ ವಾಟದಲ್ಲಿ ಓರೆಯಾಗಿ ಜೋಡಿಸಿದ್ದಾರೆ; ಎರಡು ಚಪ್ಪಡಿ ಸೇರುವೆಡೆ ಸಂದಿಯ ಮೇಲೆ ಉದ್ದುದ್ದನೆಯ ಕಲ್ಲಿನ ಪಟ್ಟಿ ಮಲಗಿಸಿದ್ದಾರೆ. ಅಂಚು ಗೋಡೆಯಿಂದ ಸಾಕಷ್ಟು ಹೊರಕ್ಕೆ ಚಾಚಿದೆ. ಗೋಡೆಯೋ, ಗೋಡೆಯೇ ಅಲ್ಲ: ಮರದ ರೀಪಿನ ತಡಿಕೆಯ ಹಾಗೆ ಕಲ್ಲಿನ ಪಟ್ಟಿಗಳನ್ನು ಎಡೆಬಿಟ್ಟು ನಿಲ್ಲಿಸಿದ ಜಾಲರಿ. ಒಳಗೆ ಹೊಕ್ಕರೆ ಮಬ್ಬು ಬೆಳಕು, ತಣ್ಣನೆಯ ಗಾಳಿ. ಕೆಳಗಿನ ಪಟ್ಟಿಕೆಗಳಲ್ಲಿ ರಾಮಾಯಣದ ಚಿತ್ರಗಳು, ಬಾಗಿಲಲ್ಲಿ ದ್ವಾರಪಾಲಕರು. ಮುಂದೆ ಎತ್ತರವಾದ ಕಂಬ.

ಈಗ ಮಳೆಯ ಮಾತು. ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದೂ ಬಂದರೆ ಬಂತು. ಭಟ್ಕಳದ ಕಡೆ ಮೂರೂವರೆ ಸಾವಿರಕ್ಕೂ ಮಿಗಿಲು, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ, ಕಡಲಿನಿಂದ ಅಡ್ಡಡ್ಡಲಾಗಿ ಹೊಡೆಯುವ ಗಾಳಿಯೊಡನೆ. 2022ರ ಆಗಸ್ಟ್ ಮೊದಲಲ್ಲಿ ಒಂದೇ ರಾತ್ರಿಯ ಮಳೆಗೆ ಅಲ್ಲಿನ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ಇಂತಹ ಮಳೆಯ ಕೆಳಗೆ ಹೊಯ್ಸಳರ ಬಳಪದ ಕಲ್ಲಿನ ನಯಗೆಲಸವನ್ನು, ಆ ಮೂಲೆ ಮುಡುಕುಗಳ ನಕ್ಷತ್ರಾಕಾರವನ್ನು ಬಯಲಿಗಿಟ್ಟರೆ ಏನಾಗುತ್ತದೆ? ಒಂದೊಂದು ಮೂಲೆಯಲ್ಲೂ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಬೀಜ ಬಿದ್ದು ಅರಳಿ ಮೊಳೆಯುತ್ತದೆ. ಭಟ್ಕಳದ ಶಿಲ್ಪಿ ಅಲಂಕಾರವನ್ನು ಅರಿಯದವನಲ್ಲ. ಅದು ಎಲ್ಲಿರಬಾರದೆಂದು ಅರಿತವನು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೊಂದು ಹೆಸರಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾಧಿಸಲು ಹೊರಟ. ನಾವು ಅದನ್ನು ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಓದುತ್ತೇವೆ, ಓದಿಸುತ್ತೇವೆ. ಆದರೆ ಗುಡಿಯ ಮುಂದೆ ನಿಂತಾಗ ಕ್ಷೇಮೇಂದ್ರನನ್ನು ಮರೆತು ಅಲಂಕಾರಿಕರ ಪಕ್ಷ ಸೇರುತ್ತೇವೆ. ಮದನಿಕೆ ಇದೆಯೆ? ಎಷ್ಟು ಆನೆ, ಎಷ್ಟು ಕುದುರೆ, ಎಷ್ಟು ಬಗೆಯ ಬಳ್ಳಿ? ಲೆಕ್ಕ ಸಿಕ್ಕದಿದ್ದರೆ "ಸರಳ". ಇದು ಷಟ್ಪದಿಯ ಕೈಯಲ್ಲಿ ವಚನವನ್ನು ಅಳೆಸಿದಂತೆ. ವಚನದಲ್ಲಿ ಪ್ರಾಸವೆಲ್ಲಿ ಎಂದು ಇಂದು ಯಾವ ಅಧ್ಯಾಪಕನೂ ಕೇಳುವುದಿಲ್ಲ. ಕಲ್ಲಿನ ವಿಷಯದಲ್ಲಿ ಇನ್ನೂ ಕೇಳುತ್ತಿದ್ದೇವೆ.

ಹಾಗೆಂದು ನಾನು ಈ ಗುಡಿಯ ಸ್ತುತಿಪಾಠಕನಾಗಲಾರೆ. ರಾಮಾಯಣದ ಪಟ್ಟಿಕೆಗಳು ಕತೆ ಹೇಳುತ್ತವೆಯೇ ಹೊರತು ಕತೆಯನ್ನು ಬೆಳಗುವುದಿಲ್ಲ. ಮೂರ್ತಿಶಿಲ್ಪವಾಗಿ ಅವು ಹಳೆಯಬೀಡಿನ ಪಟ್ಟಿಕೆಗಳ ಮುಂದೆ ನಿಲ್ಲಲಾರವು. ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು: ಮರದಲ್ಲಿ ಮಾಡುವುದನ್ನು ಕಲ್ಲಿನಲ್ಲಿ ಮಾಡುವುದು ಅನುಕರಣವಲ್ಲವೆ? ಕಲ್ಲಿಗೆ ಕಲ್ಲಿನದೇ ಧರ್ಮವಿಲ್ಲವೆ? ನನಗನ್ನಿಸುವುದು, ಇದನ್ನು ಅನುಕರಣ ಎನ್ನುವ ಬದಲು ಅನುವಾದ ಎನ್ನಬೇಕು. ಶ್ರೀಯವರು 'ಇಂಗ್ಲಿಷ್ ಗೀತಗಳು' ರಚಿಸಿದಾಗ ಅಲ್ಲಿನ ಪದಕ್ಕೆ ಇಲ್ಲಿನ ಪದ ಇಡುತ್ತ ಹೋಗಲಿಲ್ಲ. ಅಲ್ಲಿನ ನಡೆ ಇಲ್ಲಿ ಹೇಗೆ ನಡೆದೀತೆಂದು ನೋಡಿದರು. ಭಟ್ಕಳದವನೂ ಬಡಗಿಯ ಕೆಲಸವನ್ನು ಅದರ ಅರ್ಥ ಹಿಡಿದು ಅನುವಾದಿಸಿದ್ದಾನೆ. ಮರದ ರೀಪು ನಾಲ್ಕು ಮಳೆಗಾಲಕ್ಕೆ ಲಡ್ಡಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಕಲ್ಲಿನ ಪಟ್ಟಿ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ನಿಂತಿದೆ. ಮರದ ತಡಿಕೆ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದೆ, ಗಾಳಿಯನ್ನು ಒಳಗೆ ಬಿಟ್ಟು ಇರಿಚಲನ್ನು ಹೊರಗೆ ತಡೆಯುತ್ತಿದೆ. ಅಲ್ಲಲ್ಲಿ ಪದಶಃ ಅನುವಾದವೂ ಇದೆ: ಮರದಲ್ಲಿ ಅವಶ್ಯವಾದ, ಕಲ್ಲಿನಲ್ಲಿ ಬೇಕಿಲ್ಲದ ಗೀರು, ಗಂಟುಗಳನ್ನೂ ನಿಷ್ಠೆಯಿಂದ ಕೊರೆದಿದ್ದಾನೆ. ಅಂತಹ ಕಡೆ ಅನುವಾದ ತೊದಲುತ್ತದೆ. ಒಳ್ಳೆಯ ಅನುವಾದಕರಿಗೂ ತಪ್ಪದ್ದು ಇದು.

ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ತನ್ನ ವಾಸ್ತುಚರಿತ್ರೆಯಲ್ಲಿ ಮೂಡಬಿದಿರೆಯ ಬಸದಿಗಳ ಮಾಡನ್ನು ಕಂಡು ಬೆರಗಾಗಿ, ಇದಕ್ಕೆ ಹೋಲಿಕೆ ನೇಪಾಳದಲ್ಲಲ್ಲದೆ ಬೇರೆಲ್ಲೂ ಇಲ್ಲವೆಂದ. ಅಲ್ಲಿಂದ ಮೊದಲಾಗಿ ನಮ್ಮವರೂ "ನೇಪಾಳಿ ಶೈಲಿ" ಎಂದು ಬರೆಯುತ್ತ ಬಂದರು. ಪಕ್ಕದ ಒಕ್ಕಲಿಗನ ಮನೆಯ ಮಾಡನ್ನು ಕತ್ತೆತ್ತಿ ನೋಡಿದ್ದರೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಗುರುರಾಜ ಭಟ್ಟರಂತಹವರು ಕರಾವಳಿಯ ಕಟ್ಟಡಗಳನ್ನು ಊರೂರು ಅಲೆದು ದಾಖಲಿಸಿದ ಮೇಲೂ ಈ ನೇಪಾಳ ನಮ್ಮ ಪ್ರವಾಸಿ ಲೇಖನಗಳನ್ನು ಬಿಟ್ಟಿಲ್ಲ.

ಪೇಟೆಯಲ್ಲಿರುವ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಲ್ಲೂ ಇದೇ ಇಳಿಜಾರು, ಇದೇ ಕಲ್ಲಿನ ಜಾಲರಿ. ಗಾತ್ರದಲ್ಲಿ ಇದು ಹಿರಿದು, ಎರಡು ನೆಲೆಯದು. ಕಸೂತಿ ಇನ್ನೂ ಕಡಮೆ. ಅದಕ್ಕೇ ನನಗೆ ಗುಡಿಗಿಂತ ಇದರ ಮೇಲೆ ಒಲವು ಹೆಚ್ಚು. ಅಲ್ಲಿಂದ ನವಾಯತರ ಹಳೆಯ ಕೇರಿಗಳಿಗೆ ನಡೆದೆ. ಉಳಿದಿರುವ ಹಳೆಯ ಮನೆಗಳಲ್ಲಿ ಮುಂದಕ್ಕೆ ಚಾಚಿದ ಹೆಂಚಿನ ಮಾಡು, ಕಿಟಕಿಗೆ ಮರದ ಪಟ್ಟಿ. ಜಿನನಿಗೂ ನಾರಾಯಣನಿಗೂ ಅರಬ್ಬೀ ಕಡಲಿನ ವರ್ತಕನಿಗೂ ಮನೆ ಕಟ್ಟಿದ ಬಡಗಿ ಕಲ್ಲುಕುಟಿಗರು ಒಂದೇ ಪಾಠಶಾಲೆಯವರೆಂದು ತೋರುತ್ತದೆ. ಅಲ್ಲಿಯ ಜಾಮಿಯಾ ಮಸೀದಿಯನ್ನು ಜನ ಚಿನ್ನದ ಪಳ್ಳಿ ಎನ್ನುತ್ತಾರೆ. ಎರಡೂ ನಮ್ಮ ನುಡಿಯ ಪದಗಳೇ. 'ಪಳ್ಳಿ'ಯನ್ನು ಜೈನರ ಬಾಯಲ್ಲಿ ಒಮ್ಮೆ, ಮುಸಲ್ಮಾನರ ಬಾಯಲ್ಲಿ ಒಮ್ಮೆ ಕೇಳಿದ ನಾಡು ಅದು. ಕನ್ನಡ ಅಧ್ಯಾಪಕನಿಗೆ ಇಷ್ಟೇ ಸಾಕು, ಅರ್ಧ ದಿನ ಅಲ್ಲೇ ಕಳೆಯಲು.

ಊರ ಹೆಸರಿನ ಬಗ್ಗೆ ಒಂದು ಕತೆ ಅಲ್ಲಿ ಪ್ರಚಾರದಲ್ಲಿದೆ: 'ಕರ್ಣಾಟಕ ಶಬ್ದಾನುಶಾಸನ'ದ ಕರ್ತೃ ಭಟ್ಟಾಕಳಂಕನಿಂದ ಭಟ್ಕಳವಾಯಿತೆಂದು. ನಮ್ಮ ವೈಯಾಕರಣನ ಹೆಸರಿನಲ್ಲಿ ಒಂದು ಬಂದರು ಇರುವುದು ನನಗೂ ಪ್ರಿಯವೇ. ಅವನಿಗೆ ಸಮೀಪದ ಹಾಡುವಳ್ಳಿಯ ಮಠದ ಸಂಬಂಧವೂ ಉಂಟು. ಆದರೆ 592 ಸೂತ್ರಗಳ ಆ ಗ್ರಂಥದ ಕಾಲ 1604. ಪೋರ್ಚುಗೀಸರು ಅದಕ್ಕೆ ನೂರು ವರ್ಷ ಮೊದಲೇ ಈ ಊರನ್ನು ಬಟಿಕಲಾ ಎಂದು ಕರೆದಿದ್ದಾರೆ. ಕತೆಯನ್ನು ಬಿಡಬೇಕು, ಬೇರೆ ದಾರಿಯಿಲ್ಲ.

ಭಟ್ಕಳದ ಹೆಸರಿನಲ್ಲಿ ಬರುವ ಪ್ರವಾಸಿಗಳಲ್ಲಿ ಬಹುಮಂದಿ ಊರೊಳಗೆ ಕಾಲಿಡುವುದಿಲ್ಲ. ಹೆದ್ದಾರಿಯಲ್ಲೇ ಉತ್ತರಕ್ಕೆ ಸಾಗಿ ಮುರುಡೇಶ್ವರ ಸೇರುತ್ತಾರೆ. ನಾನೂ ಹೋದೆ. 123 ಅಡಿಯ ಶಿವ, 2008ರಲ್ಲಿ ಮುಗಿದ 237 ಅಡಿಯ ಇಪ್ಪತ್ತು ಅಂತಸ್ತಿನ ರಾಜಗೋಪುರ, ಒಳಗೆ ಲಿಫ್ಟು. ಭಕ್ತರ ಭಕ್ತಿಯನ್ನು ನಾನು ವಿಮರ್ಶಿಸುತ್ತಿಲ್ಲ. ಅದಕ್ಕೆ ನನಗೆ ಅಧಿಕಾರವಿಲ್ಲ. ಕಟ್ಟಡವನ್ನು ಕುರಿತು ಮಾತ್ರ ಹೇಳುವೆ: ಈ ಗೋಪುರ ಕಾವೇರಿಯ ದಡದ್ದು, ಬಿಸಿಲಿನ ನಾಡಿನದು. ಕಡಲ ಬಂಡೆಯ ಮೇಲೆ ನಿಂತು ಅದು ಮಳೆಗಾಳಿಗೆ ನೂರಾರು ಬೊಂಬೆಗಳನ್ನು ಒಡ್ಡಿಕೊಂಡಿದೆ. ಬಣ್ಣ ಬಳಿಯುವ ಕೆಲಸಕ್ಕೆ ಅಲ್ಲಿ ಕೊನೆಯಿರಲಾರದು.

ಆದರೆ ಮೇಲಿನಿಂದ ನೇತ್ರಾಣಿ ಕಂಡಿತು. ಕಡಲಿನಲ್ಲಿ ಹತ್ತೊಂಬತ್ತು ಕಿಲೋಮೀಟರ್ ಆಚೆಗಿನ ದ್ವೀಪ, ಇಂಗ್ಲಿಷರ ನಕ್ಷೆಯ ಪಾರಿವಾಳದ ದ್ವೀಪ. ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತದೆ. ಗುಹೆಗಳ ಗೋಡೆಗೆ ತನ್ನ ಎಂಜಲಿನಿಂದಲೇ ಗೂಡು ಅಂಟಿಸುವ ಪುಟ್ಟ ಹಕ್ಕಿಗಳಿವೆ. ಮೀನುಗಾರರು ಜಟ್ಟಿಗನಿಗೆ ಹರಕೆಯಾಗಿ ಬಿಟ್ಟ ಆಡುಗಳಿವೆ. ಈ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದಿರುವುದನ್ನು ನಿಸರ್ಗಪ್ರೇಮಿಗಳು ವರ್ಷಗಳಿಂದ ಆಕ್ಷೇಪಿಸುತ್ತಿದ್ದಾರೆ. ಗೋಪುರದ ಕಿಟಕಿಯಲ್ಲಿ ನನ್ನ ಪಕ್ಕ ನಿಂತಿದ್ದವರು ಶಿವನ ಚಿತ್ರ ತೆಗೆದುಕೊಂಡು ಕೆಳಗಿಳಿದರು. ನೇತ್ರಾಣಿ ಅವರ ಚಿತ್ರದಲ್ಲಿ ಒಂದು ಕಲೆಯಾಗಿ ಬಂದಿರಬಹುದು.

ನಮ್ಮ ಪ್ರವಾಸ ಸಾಹಿತ್ಯ ಯಾವಾಗಲೂ ಹೀಗಿರಲಿಲ್ಲ. ಕಾರಂತರ 'ಅಬೂವಿಂದ ಬರಾಮಕ್ಕೆ' 1950ರ ಪುಸ್ತಕ. ಅದರ ಲೇಖಕ ತನಗೆ ಹಿಡಿಸದ್ದನ್ನು ಹಿಡಿಸಲಿಲ್ಲವೆನ್ನಲು ಹಿಂಜರಿಯುವವರಲ್ಲ. ಭಟ್ಕಳಕ್ಕೆ ನೆರೆಯ ಹೊನ್ನಾವರದವರಾದ ಕೃಷ್ಣಾನಂದ ಕಾಮತರು (1934-2002) ಕೀಟಶಾಸ್ತ್ರ ಕಲಿತವರು. ಜೀರುಂಡೆಯನ್ನು ನೋಡುವ ಕಣ್ಣಿನಿಂದಲೇ ಊರುಗಳನ್ನೂ ನೋಡಿದರು. ಇಂದಿನ ಪ್ರವಾಸ ಲೇಖನದಲ್ಲಿ ತಲಪುವ ಬಗೆ, ತಂಗುವ ತಾಣ, ತಿನ್ನುವ ತಿಂಡಿ ಇವೆ; ಕಟ್ಟಡಕ್ಕೆ "ಅದ್ಭುತ", ಕಾಡಿಗೆ "ರಮಣೀಯ". ಹೋಗಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರವರಿ ಎಂದು ಎಲ್ಲರೂ ಬರೆಯುತ್ತಾರೆ. ನಾನೂ ಅದನ್ನು ನಂಬಿಯೇ ಜನವರಿಯಲ್ಲಿ ಹೋಗಿದ್ದೆ.

ಮೇಲಿನ ವಿಚಾರಗಳೆಲ್ಲ ನನ್ನವೇ ಎಂದುಕೊಂಡರೆ ಕೃತಘ್ನನಾದೇನು. ನಮ್ಮ ದೊಡ್ಡಪ್ಪನವರು ಹರೆಯದಿಂದಲೂ ಕಲ್ಲುಕೆಲಸ ಮಾಡಿದವರು. ಕೊಯಿರಾ ಕಲ್ಲನ್ನು ಸೀಳಿ ಚಪ್ಪಡಿ ಎಬ್ಬಿಸಿದವರು, ನಮ್ಮ ಕಡೆಯ ದ್ರಾಕ್ಷಿ ತೋಟಗಳಿಗೆ ಕಲ್ಲುಕಂಬ ಕೊಟ್ಟವರು. ಈಗ ಎಂಬತ್ತು ದಾಟಿದ್ದಾರೆ. ವಿಮಾನ ನಿಲ್ದಾಣ ಬಂದ ಮೇಲೆ ಊರ ಸುತ್ತ ಎದ್ದ ಮಹಡಿಗಳನ್ನು ಜಗಲಿಯಲ್ಲಿ ಕುಳಿತು ನೋಡುವುದು ಅವರ ಕೆಲಸ. ಅವರ ಮಾತು ಮೀರಿ ನಾನು ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿಸಿ ತಾರಸಿ ಹಾಕಿಸಿದೆ. ಮೂರನೆಯ ವರ್ಷದಿಂದ ಅದು ಸೋರುತ್ತಿದೆ. ಭಟ್ಕಳದ ಚಿತ್ರಗಳನ್ನು ಅವರ ಮುಂದೆ ಹಿಡಿದು, ರಾಮಾಯಣದ ಪಟ್ಟಿಕೆಯನ್ನು ತೋರಿಸಿ ವಿವರಿಸತೊಡಗಿದೆ. ಅವರು ಕೈಯಿಂದ ತಡೆದು ಮಾಡಿನ ಚಿತ್ರ ಕೇಳಿದರು. ಬಹಳ ಹೊತ್ತು ನೋಡಿದರು.

"ಇದ್ನ ಕಟ್ದೋನು ಬಡಗಿ ಕೈಕೆಳ್ಗೆ ಕಲ್ತೋನು ಕಣಪ್ಪ. ನೀರು ಎಲ್ಗೋಯ್ತದೆ ಅಂತ ಮೊದ್ಲು ನೋಡ್ಬೇಕು, ಬೊಂಬೆ ಆಮೇಲೆ" ಎಂದರು. ಆಮೇಲೆ ಬೆರಳಿನಿಂದ ಎರಡು ಚಪ್ಪಡಿಯ ನಡುವಿನ ಪಟ್ಟಿಯನ್ನು ಮುಟ್ಟಿ, "ಇಲ್ಲಿ ಒಳೀಕೆ ತೊಟ್ಟಿಕ್ತದಾ?" ಎಂದು ಕೇಳಿದರು.

"ಗೊತ್ತಿಲ್ಲ ದೊಡ್ಡಪ್ಪ. ನಾನು ಹೋದಾಗ ಬಿಸಿಲಿತ್ತು" ಎಂದೆ.

"ಮಳೇಲಿ ನೋಡ್ದೇನೇ ಸೂರಿನ್ ಬಗ್ಗೆ ಬರೀತೀಯಾ?" ಎಂದರು ಅವರು, ಚಿತ್ರವನ್ನು ಹಿಂದಕ್ಕೆ ಕೊಡುತ್ತ.

ಆಷಾಢದಲ್ಲಿ ಕಾಲೇಜಿಗೆ ನಾಲ್ಕು ದಿನ ರಜೆ ಹಾಕಬೇಕೆಂದಿದ್ದೇನೆ.