ಸ್ನೇಹವು ರಸವಹುದೇ? ‘ನಗರಗಳಲ್ಲಿ ಆಲಿಸ್’ ಎಂಬ ಚಲಚ್ಚಿತ್ರದ ವಿಮರ್ಶೆ

ಸ್ನೇಹವೆಂಬ ಭಾವವು ಸ್ವತಂತ್ರವಾಗಿ ರಸಪದವಿಯನ್ನು ಪಡೆಯಬಲ್ಲುದೇ ಎಂಬುದು ಆಲಂಕಾರಿಕರಲ್ಲಿ ಬಹುಕಾಲದಿಂದ ನಡೆದು ಬಂದ ವಿವಾದವಾಗಿದೆ. ಕ್ರಿ. ಶ. ೯ನೆಯ ಶತಮಾನದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಸ್ನೇಹವನ್ನು ಸ್ಥಾಯಿಯಾಗಿ ಉಳ್ಳ ‘ಪ್ರೇಯಾನ್’ ಎಂಬ ಹತ್ತನೆಯ ರಸವನ್ನು ಅಂಗೀಕರಿಸಿದನು. ಅಭಿನವಗುಪ್ತಪಾದರು ‘ಅಭಿನವಭಾರತಿ’ಯಲ್ಲಿ ಇದನ್ನು ಒಪ್ಪಲಿಲ್ಲ. ಬಾಲಕನಿಗೆ ತಾಯ್ತಂದೆಗಳಲ್ಲಿರುವ ಸ್ನೇಹವು ಭಯದಲ್ಲಿಯೂ, ತರುಣನಿಗೆ ಮಿತ್ರರಲ್ಲಿರುವ ಸ್ನೇಹವು ರತಿಯಲ್ಲಿಯೂ, ಲಕ್ಷ್ಮಣಾದಿಗಳಿಗೆ ಅಣ್ಣನಲ್ಲಿರುವ ಸ್ನೇಹವು ಧರ್ಮವೀರದಲ್ಲಿಯೂ ಪರ್ಯವಸಾನ ಹೊಂದುವುದರಿಂದ, ಸ್ನೇಹಕ್ಕೆ ತನ್ನದೇ ಆದ ವಿಶ್ರಾಂತಿಸ್ಥಾನವಿಲ್ಲವೆಂಬುದು ಅವರ ಮತ. ಮುಂದೆ ೧೪ನೆಯ ಶತಮಾನದಲ್ಲಿ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವೆಂಬ ರಸವನ್ನು ಒಪ್ಪಿಕೊಂಡು, ಮಗುವನ್ನು ಆಲಂಬನವಾಗಿಯೂ ಅದರ ಚೇಷ್ಟೆಗಳನ್ನು ಉದ್ದೀಪನವಾಗಿಯೂ ಹೇಳಿದನು. ಆದರೂ ಪಾಠಶಾಲೆಗಳಲ್ಲಿ ಈ ಪ್ರಕರಣವನ್ನು ಅನುಬಂಧದಂತೆ ಓದಿ ಮುಗಿಸುವುದೇ ಹೆಚ್ಚು.

ಇಂತಹ ವಿವಾದಗಳು ಲಕ್ಷಣದ ಬಲವೊಂದರಿಂದಲೇ ತೀರುವಂಥವಲ್ಲ. ಲಕ್ಷ್ಯವನ್ನು ಪರೀಕ್ಷಿಸಿಯೇ ನಿರ್ಣಯಿಸಬೇಕು. ಪರೀಕ್ಷೆಗೆ ಯೋಗ್ಯವಾದ ಲಕ್ಷ್ಯವೊಂದು ಜರ್ಮನ್ ದೇಶದ ಚಲಚ್ಚಿತ್ರದಲ್ಲಿ ದೊರೆಯುತ್ತದೆ. ವಿಮ್ ವೆಂಡರ್ಸ್ ಅವರು ನಿರ್ದೇಶಿಸಿದ ‘ನಗರಗಳಲ್ಲಿ ಆಲಿಸ್’ ೧೯೭೪ರಲ್ಲಿ ಹೊರಬಂದ ಕಪ್ಪುಬಿಳುಪಿನ ಚಿತ್ರ. ಅಲ್ಪವ್ಯಯದಲ್ಲಿ, ೧೬ ಮಿಲಿಮೀಟರಿನ ಕಿರಿಯ ಫಿಲ್ಮಿನಲ್ಲಿ ಇದನ್ನು ತೆಗೆದವರು ರಾಬಿ ಮ್ಯೂಲರ್ ಎಂಬ ಛಾಯಾಗ್ರಾಹಕರು. ೧೯೭೫ರಲ್ಲಿ ಮತ್ತು ೧೯೭೬ರಲ್ಲಿ ಬಂದ ಇನ್ನೆರಡು ಚಿತ್ರಗಳೊಡನೆ ಇದನ್ನು ಸೇರಿಸಿ ಪ್ರಯಾಣತ್ರಯವೆಂದು ಕರೆಯುವ ವಾಡಿಕೆಯುಂಟು.

ಈ ಚಿತ್ರದ ಅದೃಷ್ಟವು ಮೊದಲಿನಿಂದಲೂ ಅಷ್ಟು ಒಳ್ಳೆಯದಾಗಿರಲಿಲ್ಲ. ಊರೂರು ಅಲೆಯುವ ಗಂಡಸನ್ನೂ ಜಾಣ ಬಾಲಿಕೆಯನ್ನೂ ಕುರಿತ ‘ಪೇಪರ್ ಮೂನ್’ ಎಂಬ ಅಮೆರಿಕದ ಚಿತ್ರವು ೧೯೭೩ರಲ್ಲಿ ಬಂದಾಗ, ತಮ್ಮ ಕಥೆಯು ಅದರ ಪ್ರತಿಬಿಂಬವಾದೀತೆಂದು ವೆಂಡರ್ಸ್ ಅವರು ಈ ಕಾರ್ಯವನ್ನೇ ಕೈಬಿಡುವುದರಲ್ಲಿದ್ದರು. ಹಿರಿಯ ನಿರ್ದೇಶಕ ಸ್ಯಾಮ್ಯುಅಲ್ ಫುಲ್ಲರನು ಧೈರ್ಯ ಹೇಳಿದ ಮೇಲೆ ಕಥೆಯನ್ನು ಮಾರ್ಪಡಿಸಿ ಮುಂದುವರಿಸಿದರು. ಅನಂತರ ಅವರದೇ ‘ಪ್ಯಾರಿಸ್, ಟೆಕ್ಸಾಸ್’ ೧೯೮೪ರಲ್ಲಿ ಕಾನ್ ಉತ್ಸವದ ಅತ್ಯುಚ್ಚ ಬಹುಮಾನವನ್ನು ಪಡೆದು ಜಗತ್ಪ್ರಸಿದ್ಧವಾಯಿತು. ಅಂದಿನಿಂದ ಮೊದಲಿನ ಈ ಸಣ್ಣ ಚಿತ್ರವನ್ನು ದೊಡ್ಡದಕ್ಕೆ ನಡೆಸಿದ ಅಭ್ಯಾಸವೆಂಬಂತೆ ಹೆಸರಿಸಿ ಬಿಡುವವರೇ ಬಹಳ. ಹೀಗಿದ್ದರೂ ಇದನ್ನು ಒಮ್ಮೆ ಮೆಚ್ಚಿದವರು ಸುಲಭವಾಗಿ ಮರೆಯುವುದಿಲ್ಲ. ಅರ್ಧ ಶತಮಾನ ಕಳೆದರೂ ಮಾಸದ ಈ ಪ್ರೀತಿಗೆ ಕಾರಣವೇನೆಂಬುದೇ ವಿಚಾರಣೀಯವಾದ ವಿಷಯ.

ಕಥೆ ಸ್ವಲ್ಪವೇ. ಫಿಲಿಪ್ ವಿಂಟರ್ ಎಂಬ ಜರ್ಮನ್ ಪತ್ರಕರ್ತನು ಅಮೆರಿಕವನ್ನು ಕುರಿತು ಲೇಖನ ಬರೆಯಲು ಹೋಗಿದ್ದಾನೆ. ಅವನಿಗೆ ಒಂದು ವಾಕ್ಯವೂ ಕೂಡಿಬರುವುದಿಲ್ಲ. ತೆಗೆದ ಕ್ಷಣದಲ್ಲಿಯೇ ಪಟವನ್ನು ಕೈಗೀಯುವ ಪೊಲರಾಯ್ಡ್ ಕ್ಯಾಮರಾದಿಂದ ಕಂಡಕಂಡದ್ದನ್ನೆಲ್ಲ ತೆಗೆಯುತ್ತಾನೆ. ಪಟವು ತಾನು ಕಂಡಂತೆ ಇಲ್ಲವೆಂದು ಬೇಸರಗೊಳ್ಳುತ್ತಾನೆ. ಬರಿಗೈಯಲ್ಲಿ ಮರಳಬೇಕೆಂದು ನ್ಯೂಯಾರ್ಕಿಗೆ ಬಂದರೆ, ಜರ್ಮನಿಯಲ್ಲಿ ನಡೆದ ಮುಷ್ಕರದಿಂದ ಅಲ್ಲಿಗೆ ವಿಮಾನಗಳಿಲ್ಲ. ಆಮ್‌ಸ್ಟರ್‌ಡ್ಯಾಮಿನ ಮೂಲಕ ಹೋಗಬೇಕು. ಅಲ್ಲಿಯೇ ಲೀಸಾ ಎಂಬ ಹೆಂಗಸಿನ ಮತ್ತು ಅವಳ ಒಂಬತ್ತು ವರ್ಷದ ಮಗಳು ಆಲಿಸಳ ಪರಿಚಯವಾಗುತ್ತದೆ. ಲೀಸಾ ತನ್ನ ತೊಡಕುಗಳ ನಿಮಿತ್ತ ಹಿಂದುಳಿದು, ಮಗಳನ್ನು ಅವನ ವಶಕ್ಕೆ ಬಿಟ್ಟು, ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂಡಿಕೊಳ್ಳುವೆನೆಂದು ತಿಳಿಸುತ್ತಾಳೆ; ಆದರೆ ಹೇಳಿದ ದಿನ ಬರುವುದಿಲ್ಲ. ಇನ್ನು ಉಳಿದ ದಾರಿಯೆಂದರೆ ಬಾಲಿಕೆಯ ಅಜ್ಜಿಯನ್ನು ಹುಡುಕುವುದು. ಅಜ್ಜಿಯ ಊರಿನ ಹೆಸರು ಬಾಲಿಕೆಗೆ ನೆನಪಿಲ್ಲ.

ಇಲ್ಲಿ ಅಭಿನವಗುಪ್ತಪಾದರ ಮತವನ್ನು ಒಂದೊಂದಾಗಿ ಪರೀಕ್ಷಿಸಬಹುದು. ಮೊದಲನೆಯದು ಭಯ. ತಾಯಿ ಬರಲಿಲ್ಲವೆಂದು ತಿಳಿದಾಗ ಆಲಿಸಳು ವಿಮಾನನಿಲ್ದಾಣದ ಶೌಚಗೃಹದಲ್ಲಿ ಬಾಗಿಲಿಕ್ಕಿಕೊಂಡು ಅಳುತ್ತಾಳೆ. ಫಿಲಿಪನು ಹೊರಗೆ ನಿಂತು, ಅವಳಿಗೆ ನೆನಪು ಬರಲೆಂದು, ಜರ್ಮನಿಯ ಊರುಗಳ ಹೆಸರನ್ನು ಅಕಾರಾದಿಯಾಗಿ ಓದುತ್ತಾನೆ. ಪಟ್ಟಿಯ ಕೊನೆಗೆ ಸಮೀಪದಲ್ಲಿ ‘ವುಪ್ಪರ್‌ಟಾಲ್’ ಎಂದೊಡನೆ ಬಾಗಿಲು ತೆರೆಯುತ್ತದೆ. ಇಷ್ಟರಿಂದ ಬಾಲಿಕೆಯ ಸ್ನೇಹಕ್ಕೆ ಭಯವೇ ಮೂಲವೆಂದು ಹೇಳಲು ಅವಕಾಶವುಂಟು. ಆದರೆ ಮುಂದಿನ ಸಂದರ್ಭವು ಈ ಪಕ್ಷವನ್ನು ನಿಲ್ಲಗೊಡುವುದಿಲ್ಲ. ವುಪ್ಪರ್‌ಟಾಲಿನ ಬೀದಿಗಳಲ್ಲಿ, ತಲೆಯ ಮೇಲೆ ತೂಗುತ್ತ ಓಡುವ ರೈಲಿನ ಕೆಳಗೆ, ದಿನವಿಡೀ ಸುತ್ತಿದ ಮೇಲೆ, ಅಜ್ಜಿಯಿರುವುದು ಈ ಊರಿನಲ್ಲಲ್ಲವೆಂದು ಬಾಲಿಕೆಯೇ ಹೇಳುತ್ತಾಳೆ. ಸೋತ ಫಿಲಿಪನು ಅವಳನ್ನು ಪೊಲೀಸರಿಗೆ ಒಪ್ಪಿಸಿ ಹೊರಟುಹೋಗುತ್ತಾನೆ. ಅವಳು ಅಲ್ಲಿಂದ ತಪ್ಪಿಸಿಕೊಂಡು ಅವನ ಬಳಿಗೇ ಮರಳಿ ಬರುತ್ತಾಳೆ. ಭಯವೇ ಸ್ನೇಹದ ನೆಲೆಯಾಗಿದ್ದಲ್ಲಿ, ರಕ್ಷಣೆಯು ದೊರೆತ ಕೂಡಲೆ ಸ್ನೇಹವು ನಿವೃತ್ತವಾಗಬೇಕಾಗಿತ್ತು. ಅಭಯಸ್ಥಾನವನ್ನು ಬಿಟ್ಟು, ಕೈಯಲ್ಲಿ ಕಾಸಿಲ್ಲದ, ಸಿಡುಕಿನ ಸಂಗಾತಿಯನ್ನು ಹುಡುಕಿಕೊಂಡು ಬರುವುದು ಭಯದ ಕಾರ್ಯವಲ್ಲ.

ಎರಡನೆಯದು ರತಿ. ಬಾಲಿಕೆಯ ತಾಯಿಯನ್ನು ಮುಂದಿಟ್ಟುಕೊಂಡು ಶೃಂಗಾರಕ್ಕೆ ತಿರುಗಿಸುವ ಅವಕಾಶವು ಕಥೆಯ ಆರಂಭದಲ್ಲಿಯೇ ಇತ್ತು. ನ್ಯೂಯಾರ್ಕಿನ ಹೋಟೆಲಿನಲ್ಲಿ ಮೂವರೂ ಒಂದೇ ಕೋಣೆಯಲ್ಲಿ ತಂಗುತ್ತಾರೆ. ಚಿತ್ರವು ಆ ದಾರಿಯನ್ನು ಹಿಡಿಯದೆ, ತಾಯಿಯನ್ನು ತೆರೆಯ ಮರೆಗೆ ಸರಿಸಿಬಿಡುತ್ತದೆ. ಮೂರನೆಯದು ಧರ್ಮವೀರ. ಫಿಲಿಪನು ಕರ್ತವ್ಯದ ಉತ್ಸಾಹದಿಂದ ಬಾಲಿಕೆಯನ್ನು ಕಾಪಾಡುವವನಲ್ಲ. ಅವಳನ್ನು ಠಾಣೆಯಲ್ಲಿ ಬಿಟ್ಟು, ಚಕ್ ಬೆರಿಯ ಸಂಗೀತಸಭೆಗೆ ಹೋಗಿ ಕೂತು ಬರುವವನು. ಅವಳು ಮರಳಿದಾಗ ಮತ್ತೊಮ್ಮೆ ಕರೆದುಕೊಂಡು ಹೊರಡುವುದು ಧರ್ಮವೆಂದಲ್ಲ. ಅವಳು ಬಂದಳೆಂದು, ಅಷ್ಟೆ. ಇದರಿಂದ ರತಿ, ಉತ್ಸಾಹ, ಭಯ ಈ ಮೂರನ್ನೂ ಕಳೆದ ಮೇಲೆಯೂ ಒಂದು ಭಾವವು ಶೇಷವಾಗಿ ನಿಲ್ಲುತ್ತದೆಂಬುದು ಸ್ಪಷ್ಟವಾಯಿತು.

ಶೇಷವಾದುದು ಸ್ಥಾಯಿಯೇ, ಬರಿಯ ಸಂಚಾರಿಯೇ ಎಂದು ಕೇಳಬಹುದು. ವಿರುದ್ಧವಾದ ಮತ್ತು ಅವಿರುದ್ಧವಾದ ಭಾವಗಳಿಂದ ಕಡಿದುಹೋಗದೆ, ಅವನ್ನೆಲ್ಲ ಲವಣಸಮುದ್ರದಂತೆ ತನ್ನ ಸ್ವರೂಪಕ್ಕೆ ತಂದುಕೊಳ್ಳುವುದೇ ಸ್ಥಾಯಿಯೆಂದು ‘ದಶರೂಪಕ’ದಲ್ಲಿ ಧನಂಜಯನು ಲಕ್ಷಣ ಹೇಳಿದ್ದಾನೆ. ಈ ಚಿತ್ರದಲ್ಲಿ ಅಮರ್ಷವುಂಟು, ಶ್ರಮವುಂಟು, ಗ್ಲಾನಿಯುಂಟು. ಇಬ್ಬರೂ ಪದೇ ಪದೇ ಜಗಳವಾಡುತ್ತಾರೆ. ಒಂದು ಜಗಳವಾದರೂ ಸ್ನೇಹವನ್ನು ಕಡಿಯುವುದಿಲ್ಲ. ರೂರ್ ಪ್ರಾಂತದ ಕೈಗಾರಿಕೆಯ ಊರುಗಳಲ್ಲಿ ಬಾಡಿಗೆಯ ಸಣ್ಣ ಕಾರು ನಿಧಾನವಾಗಿ ಚಲಿಸುತ್ತಿರುವಾಗ, ಹುಡುಗನೊಬ್ಬನು ಸೈಕಲ್ ತುಳಿಯುತ್ತ ಅದರ ಪಕ್ಕದಲ್ಲಿಯೇ ಬರುತ್ತಾನೆ. ಅದರಿಂದ ಕಥೆಗೆ ಯಾವ ಪ್ರಯೋಜನವೂ ಇಲ್ಲ. ಆದರೂ ಕಾರಿನೊಳಗಿನ ಇಬ್ಬರ ಬೇಸರವು ಆ ನೋಟದಲ್ಲಿ ಹೇಗೋ ಕರಗಿ ಹಗುರವಾಗುತ್ತದೆ. ಲವಣಸಮುದ್ರದ ದೃಷ್ಟಾಂತಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಹಾಗಾದರೆ ವಿಶ್ವನಾಥನ ವತ್ಸಲರಸವೇ ಇದಾಗಲಿ ಎಂದರೆ, ಅದೂ ಪೂರ್ಣವಾಗಿ ಹೊಂದುವುದಿಲ್ಲ. ವತ್ಸಲದಲ್ಲಿ ಹಿರಿಯನೇ ಆಶ್ರಯ, ಮಗುವೇ ಆಲಂಬನ. ಪ್ರೀತಿಯು ಮೇಲಿನಿಂದ ಕೆಳಗೆ ಹರಿಯುವ ನೀರಿನಂತೆ. ಇಲ್ಲಿಯಾದರೆ ಎರಡು ಕಡೆಯಿಂದಲೂ ಹರಿಯುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಲ್ಲಿಯ ಭಾಷೆಯನ್ನು ಬಲ್ಲವಳು ಬಾಲಿಕೆ. ಅರಿಯದ ಫಿಲಿಪನಿಗೆ ಅವಳೇ ದ್ವಿಭಾಷಿ, ಅವಳೇ ದಾರಿ ತೋರುವವಳು. ವಿಮಾನದಲ್ಲಿ ಪದಗಳನ್ನು ಊಹಿಸುವ ಆಟವಾಡುವಾಗ ಅವನು ‘ಕನಸು’ ಎಂಬ ಪದವನ್ನು ಒಡ್ಡಿದರೆ, ನಿಜವಾಗಿ ಇರುವ ವಸ್ತುಗಳ ಹೆಸರೇ ಆಗಬೇಕೆಂದು ನಿಯಮ ಹೇಳುವವಳೂ ಅವಳೇ. ಪ್ರಯಾಣದ ಕೊನೆಯಲ್ಲಿ ಟಿಕೆಟಿಗೆ ಅವನಲ್ಲಿ ಹಣವಿಲ್ಲದಿದ್ದಾಗ, ಕಾಪಿಟ್ಟುಕೊಂಡಿದ್ದ ನೂರು ಡಾಲರಿನ ನೋಟನ್ನು ತೆಗೆದುಕೊಡುವವಳೂ ಅವಳೇ. ಸಮಾನರ ನಡುವಣ ಈ ಭಾವಕ್ಕೆ ರುದ್ರಟನ ಪ್ರೇಯಾನ್ ಎಂಬ ಹೆಸರೇ ಯೋಗ್ಯವಾದುದು.

ಈ ದೃಷ್ಟಿಯಿಂದ ನೋಡಿದರೆ, ಬಾಲ್ಯದಿಂದ ಪ್ರೌಢಿಗೆ ಏರುವ ಕಥೆಗಳ ಸಾಲಿನಲ್ಲಿ ಈ ಚಿತ್ರದ ವಿಶೇಷವೂ ತಿಳಿಯುತ್ತದೆ. ಇಲ್ಲಿ ಬೆಳೆಯಬೇಕಾದವನು ವಯಸ್ಕನೇ. ಆರಂಭದಲ್ಲಿ ಫಿಲಿಪನು ಏಕಾಂಗಿಯಾಗಿ ಸಮುದ್ರತೀರದಲ್ಲಿ ಕುಳಿತು ಪಟ ತೆಗೆಯುತ್ತಿರುತ್ತಾನೆ. ಅವನ ಪಟಗಳಲ್ಲಿ ಜನರಿಲ್ಲ. ವಿಮಾನದಲ್ಲಿ ಅವನು ತೆಗೆದ ಒಂದು ಪಟವನ್ನು ನೋಡಿ ಬಾಲಿಕೆಯು, ಅದು ಬರಿದಾಗಿರುವುದರಿಂದ ಚೆನ್ನಾಗಿದೆ ಎನ್ನುತ್ತಾಳೆ. ಮುಂದೊಮ್ಮೆ ಅವಳೇ ಕ್ಯಾಮರಾವನ್ನು ಕೈಗೆ ತೆಗೆದುಕೊಂಡು, ನೀನು ಹೇಗಿರುವೆಯೆಂಬುದಾದರೂ ನಿನಗೆ ತಿಳಿಯಲಿ ಎಂಬ ಅಭಿಪ್ರಾಯದಿಂದ ಅವನ ಪಟವನ್ನು ತೆಗೆಯುತ್ತಾಳೆ. ಆ ಪಟವು ಮೆಲ್ಲಗೆ ಮೂಡುತ್ತಿರುವಾಗ, ಅದರ ಹೊಳಪಿನಲ್ಲಿ ಅವಳ ಮುಖವೂ ಪ್ರತಿಫಲಿಸಿ, ಒಂದೇ ಹಾಳೆಯಲ್ಲಿ ಎರಡು ಮುಖಗಳು ಕಾಣುತ್ತವೆ. ನೂರಾರು ಪಟಗಳನ್ನು ತೆಗೆದರೂ ತನ್ನನ್ನು ಕಾಣದಿದ್ದವನು, ತನ್ನನ್ನು ಕಾಣುವವಳೊಬ್ಬಳು ಇರುವುದರಿಂದ ತನ್ನನ್ನು ಕಂಡುಕೊಂಡನು. ಇದನ್ನು ಮಾತಿನಿಂದ ಹೇಳದೆ ವ್ಯಂಜನೆಯಿಂದಲೇ ತಿಳಿಸಿರುವುದು ಈ ಸನ್ನಿವೇಶದ ಗುಣ.

ಇದೇ ಸೂತ್ರವು ಅಜ್ಜಿಯ ಮನೆಯ ಪ್ರಸಂಗದಲ್ಲಿಯೂ ಹರಿದಿದೆ. ಬಾಲಿಕೆಯ ಬಳಿ ಆ ಮನೆಯ ಪಟವೊಂದಿದೆ. ಊರಿಂದೂರಿಗೆ ಅದನ್ನು ಹಿಡಿದು ಹುಡುಕಿ, ಕೊನೆಗೆ ಪಟದಲ್ಲಿರುವ ಮನೆಯನ್ನೇ ಕಂಡುಹಿಡಿಯುತ್ತಾರೆ; ಬಾಗಿಲು ತೆರೆಯುವವಳು ಅಜ್ಜಿಯಲ್ಲ, ಇಟಲಿಯಿಂದ ಬಂದ ಬೇರೊಬ್ಬ ಹೆಂಗಸು. ಶಾಕುಂತಲದಲ್ಲಿ ಉಂಗುರವೆಂಬ ಅಭಿಜ್ಞಾನವು ದೊರೆತ ಮೇಲೆ ಮರೆತ ವ್ಯಕ್ತಿಯ ನೆನಪು ಮರಳುತ್ತದೆ. ಇಲ್ಲಿ ಅಭಿಜ್ಞಾನವು ಸತ್ಯವಾಗಿದ್ದೂ ವ್ಯಕ್ತಿಯಿಲ್ಲ. ಪಟವು ರೂಪವನ್ನು ಕಾಪಾಡಬಲ್ಲುದೇ ಹೊರತು ಸಂಬಂಧವನ್ನು ಕಾಪಾಡಲಾರದು. ಫಲಾಗಮವಿಲ್ಲದ ಇತಿವೃತ್ತವೆಂದು ನಾಟ್ಯಶಾಸ್ತ್ರವನ್ನು ಬಲ್ಲವರು ಆಕ್ಷೇಪಿಸಬಹುದು. ಹುಡುಕಿದ ಫಲವು ದೊರೆಯಲಿಲ್ಲವೆಂಬುದು ನಿಜ. ಆದರೆ ಹುಡುಕುವ ಕಾರ್ಯದಲ್ಲಿಯೇ ಮತ್ತೊಂದು ಫಲವು ಸಿದ್ಧಿಸಿತು. ಮನೆಯ ಬಾಗಿಲಿನಿಂದ ಹಿಂತಿರುಗುವಾಗ ಪ್ರೇಕ್ಷಕನಿಗೆ ನಿರಾಶೆಗಿಂತ, ಇವರ ಸಂಗವು ಇನ್ನೂ ಕೆಲವು ದಿನ ಮುಂದುವರಿಯುವುದೆಂಬ ಸಮಾಧಾನವೇ ಹೆಚ್ಚಾಗಿರುತ್ತದೆ. ಪ್ರೇಕ್ಷಕನ ಮನಸ್ಸು ಹೀಗೆ ಕಥೆಯ ಉದ್ದೇಶಕ್ಕೆ ವಿರುದ್ಧವಾಗಿ ಬಯಸತೊಡಗಿದುದೇ ರಸನಿಷ್ಪತ್ತಿಗೆ ಸಾಕ್ಷಿ.

ದೋಷಗಳಿಲ್ಲವೆಂದಲ್ಲ. ಅಮೆರಿಕದ ಭಾಗವು ಅಗತ್ಯಕ್ಕಿಂತ ದೀರ್ಘವಾಯಿತು. ಆಗತಾನೆ ಪರಿಚಯವಾದವನ ಕೈಗೆ ತಾಯಿಯೊಬ್ಬಳು ಮಗಳನ್ನು ಬಿಟ್ಟುಹೋಗುವಳೆಂಬುದಕ್ಕೆ ಸಾಕಷ್ಟು ಸಿದ್ಧತೆಯಿಲ್ಲ. ಇಂದಿನ ಪ್ರೇಕ್ಷಕನಿಗಂತೂ ಪರಪುರುಷನೊಡನೆ ಬಾಲಿಕೆಯ ಪ್ರಯಾಣವೆಂದರೆ ಶಂಕೆ ಹುಟ್ಟುವುದು ಸಹಜ. ಅಭಿನವಗುಪ್ತಪಾದರು ಎಣಿಸಿದ ಏಳು ರಸವಿಘ್ನಗಳಲ್ಲಿ ಮೊದಲನೆಯದು ಸಂಭಾವನಾವಿರಹ, ಎಂದರೆ ಇದು ನಡೆಯಬಹುದೆಂಬ ನಂಬಿಕೆಯೇ ಇಲ್ಲದಿರುವುದು. ಈ ವಿಘ್ನವು ಚಿತ್ರದ ಆರಂಭದಲ್ಲಿ ಉಂಟು. ಆದರೆ ಆಲಿಸಳ ಪಾತ್ರದಲ್ಲಿ ಯೆಲ್ಲಾ ರಾಟ್‌ಲೆಂಡರ್ ಎಂಬ ಬಾಲನಟಿಯು ತೋರಿದ ಸಹಜವಾದ ಹಟ, ಹಸಿವು, ಗಾಂಭೀರ್ಯಗಳಿಂದ ಅದು ಕ್ರಮವಾಗಿ ನೀಗುತ್ತದೆ. ಮುದ್ದು ಮಾತಾಡಿಸಿ ಕರುಣೆ ಬೇಡುವ ಬಾಲಪಾತ್ರವಾಗಿದ್ದಲ್ಲಿ ವಿಘ್ನವು ಉಳಿದೇ ಹೋಗುತ್ತಿತ್ತು.

ಉಪಸಂಹಾರವೂ ಇದಕ್ಕೆ ಅನುಗುಣವಾಗಿದೆ. ತಾಯಿಯ ಸುಳಿವು ದೊರೆತು, ಇಬ್ಬರೂ ಮ್ಯೂನಿಕಿನ ರೈಲಿನಲ್ಲಿ ಹೊರಟಿದ್ದಾರೆ. ಫಿಲಿಪನು ಓದುತ್ತಿರುವ ಪತ್ರಿಕೆಯಲ್ಲಿ, ೧೯೭೩ರಲ್ಲಿ ತೀರಿಕೊಂಡ ನಿರ್ದೇಶಕ ಜಾನ್ ಫೋರ್ಡನ ನಿಧನವಾರ್ತೆಯಿದೆ. ಮುಂದೇನು ಮಾಡುವೆಯೆಂದು ಬಾಲಿಕೆ ಕೇಳಿದರೆ, ಈ ಕಥೆಯನ್ನು ಬರೆದು ಮುಗಿಸುವೆನೆನ್ನುತ್ತಾನೆ. ಒಂದು ವಾಕ್ಯವೂ ಕೂಡಿಬಾರದಿದ್ದವನಿಗೆ ಹೇಳಲು ಕಥೆಯೊಂದು ದೊರೆತಿದೆ. ಅವಳು ಅದನ್ನು ಗೀಚಾಟವೆಂದು ಹಾಸ್ಯ ಮಾಡುತ್ತಾಳೆ. ನೀನೇನು ಮಾಡುವೆಯೆಂಬ ಮರುಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲ. ಕಿಟಕಿಯಿಂದ ಇಬ್ಬರೂ ಮುಖವನ್ನು ಹೊರಚಾಚಿರುವಂತೆಯೇ ಕ್ಯಾಮರಾ ಮೇಲಕ್ಕೇರಿ, ರೈಲು ನದಿಯ ಕಣಿವೆಯಲ್ಲಿ ಕಿರಿದಾಗುತ್ತದೆ. ಬೀಳ್ಕೊಡುಗೆಯ ದೃಶ್ಯವೇ ಇಲ್ಲ. ಅದನ್ನು ತೋರಿಸಿದ್ದರೆ ಕರುಣವು ಮುಂದೆ ಬಂದು ಪ್ರೇಯಸ್ಸನ್ನು ನುಂಗಿಬಿಡುತ್ತಿತ್ತು. ಬಲಿಷ್ಠವಾದ ರಸವೊಂದಕ್ಕೆ ಎಡೆಗೊಡದೆ ಮೃದುವಾದ ರಸವನ್ನು ಕೊನೆಯವರೆಗೆ ಕಾಪಾಡಿದುದರಿಂದಲೇ ಈ ಚಿತ್ರಕ್ಕೆ ದೊಡ್ಡ ಕೀರ್ತಿಯು ತಪ್ಪಿತು. ಮೆಚ್ಚಿದವರ ಪ್ರೀತಿಯು ಮಾಸದೆ ಉಳಿದುದಕ್ಕೂ ಅದೇ ಕಾರಣ.

ಸ್ನೇಹಕ್ಕೆ ಸ್ವಂತ ನೆಲೆಯಿಲ್ಲವೆಂಬ ಸಿದ್ಧಾಂತವನ್ನು ಒಂದು ಲಕ್ಷ್ಯದಿಂದಲೇ ತಳ್ಳಿಹಾಕುವುದು ಸಾಹಸವಾದೀತು. ಆದರೆ ರುದ್ರಟನ ಪಕ್ಷವನ್ನು ಅನುಬಂಧದಿಂದ ತೆಗೆದು ಪುನರ್ವಿಚಾರಕ್ಕೆ ತರಲು ಇಷ್ಟು ಸಾಲುತ್ತದೆ. ಕನ್ನಡದಲ್ಲಿಯೂ ಇದಕ್ಕೆ ವಿಷಯವಿಲ್ಲದೆ ಇಲ್ಲ. ಪಂಪಭಾರತದಲ್ಲಿ ಪಾಂಡವರು ತನ್ನ ತಮ್ಮಂದಿರೆಂದು ತಿಳಿದ ಮೇಲೆಯೂ ಕರ್ಣನು ದುರ್ಯೋಧನನನ್ನು ಬಿಡದೆ ನಿಂತುದನ್ನು ವೀರದ ಅಂಗವೆಂದು ಹೇಳಿ ಮುಗಿಸುವುದು ಸುಲಭ. ಭಯ, ರತಿ, ಉತ್ಸಾಹಗಳನ್ನು ಒಂದೊಂದಾಗಿ ಕಳೆದು ಅಲ್ಲಿ ಶೇಷವೇನೆಂದು ನೋಡುವ ಕೆಲಸವು ಅಧ್ಯಾಪಕರ ಪಾಲಿಗೆ ಇನ್ನೂ ಉಳಿದಿದೆ.